ಅಕ್ಕ ಅಂದವರು ಹದಿನೆಂಟು ಮಂದಿ

“ಬಿಡು ಅಂದ್ರ ಬಿಡಬೇಕು ತಂಗೆವ್ವ! ಎಷ್ಟು ಸರತಿ ಹೇಳಬೇಕು ನಿನಗ?” ಎಂದು ಸುಲೋಚನಾ ಮೇಡಂ ಟೇಬಲ್ಲಿಗೆ ಬಡಿದರು.

“ಹಿಡದಾವರು ನೀವು. ನಾ ಏನ್ ಬಿಡ್ಲಿ?” ಎಂದೆ.

“ನಾಲಿಗಿ ಬಾಳ ಉದ್ದ ಆಗೇದ ನಿಂದು.”

“ನನ್ನ ನಾಲಿಗಿ ಇದ್ದಷ್ಟೇ ಐತ್ರಿ. ಉದ್ದ ಆಗಿದ್ದು ಮೈಕಿನ ಮುಂದ ನಿಂತಾಕಿದು.”

ಮೈಕಿನ ಮುಂದೆ ನಿಂತಿದ್ದಾಕೆ ಪ್ರಣತಿ, ಕಾಲೇಜಿನ ಭಗಿನಿ ಸಂಘದ ಆ ವರ್ಷದ ಅಧ್ಯಕ್ಷೆ. ಈಗ ಕುರ್ಚಿಯಲ್ಲಿ ಎಡಗಡೆಗೆ ವಾಲಿ ಕೂತು ಸೊಂಟ ಒತ್ತಿಕೊಳ್ಳುತ್ತಿದ್ದಳು. ಅವಳ ಹಿಂದೆ ಹದಿನೇಳು ಹುಡುಗಿಯರು, ಎಲ್ಲರೂ ಎಡಗಡೆಗೇ ವಾಲಿ, ಗಾಳಿಗೆ ಬಾಗಿದ ಜೋಳದ ಸಾಲಿನಂತೆ ನಿಂತಿದ್ದರು. ನಾನು ಅಡುಗೆ, ಮುಸುರೆ ಮಾಡುವ ಹಾಸ್ಟೆಲಿನ ಆ ದೊಡ್ಡ ಕೋಣೆಯಲ್ಲಿ ಮೇಡಂ ಬಿಟ್ಟರೆ ನೆಟ್ಟಗೆ ನಿಂತವಳು ನಾನೊಬ್ಬಳೇ. ಸೊಂಟ ನನ್ನದು, ವಾಲಿದವರು ಅವರು.

ನಮ್ಮೂರಲ್ಲಿ ಹೆಂಗಸಿನ ಕೈ ಹಿಡಿದು ಅಕ್ಕ ಎನ್ನುವಂತಿಲ್ಲ. ಎಂದರೆ ಅಂಟಿಕೊಳ್ಳುತ್ತದೆ. ಅವಳ ನೋವಿನಲ್ಲಿ ಎಂದವರಿಗೆ ಪಾಲು, ಎಂದವರ ನೋವಿನಲ್ಲಿ ಅವಳಿಗೆ ಪಾಲು. ಬಿಡಿಸಿಕೊಳ್ಳಬೇಕೆಂದರೆ ಅದೇ ಕೈ ಹಿಡಿದು ಇಬ್ಬರೂ ‘ಬಿಟ್ಟೆ’ ಎನ್ನಬೇಕು. ಒಬ್ಬರು ಅಂದರೆ ನಡೆಯುವುದಿಲ್ಲ. ಇದು ಊರಿನ ಕೂಸಿಗೂ ಗೊತ್ತು. ಬಳೆಗಾರ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡೇ ಹೆಂಗಸರ ಕೈ ಮುಟ್ಟುತ್ತಾನೆ. ಬಳೆ ತೊಡಿಸಿ ಮುಗಿಯುವವರೆಗೆ ಉಗುಳುವುದೂ ಇಲ್ಲ, ಮಾತಾಡುವುದೂ ಇಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆಯನ್ನು ಸೆರಗಿಗೆ ಬೀಳಿಸುತ್ತಾನೆ. ಆಸ್ಪತ್ರೆಯಲ್ಲಿ ನಾಡಿ ಹಿಡಿಯುವ ನರ್ಸುಗಳು ರೋಗಿಗಳನ್ನು ಹಾಸಿಗೆಯ ನಂಬರಿನಿಂದ ಕರೆಯುತ್ತಾರೆ. ನಾನು ಏಳನೇ ಇಯತ್ತೆಯವರೆಗೆ ಓದಿದ ಹಳ್ಳಿ ಸಾಲೆಯಲ್ಲೂ ಪಾಠದಲ್ಲಿ ಆ ಮಾತು ಬಂದರೆ ಮಾಸ್ತರರು ಮೊದಲು “ಎಲ್ಲಾರೂ ಕೈ ಕಟ್ರಿ” ಎನ್ನುತ್ತಿದ್ದರು. ಕೈ ಕಟ್ಟಿದ ಮೇಲೇ ಓದು.

ಒಡಹುಟ್ಟಿದವರಿಗೂ ಇದೇ ಕಟ್ಟು. ತಾಯಂದಿರು ಮಕ್ಕಳಿಗೆ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲು ಕಲಿಸುತ್ತಾರೆ. ಬುದ್ಧಿ ಬಲಿತ ಮೇಲೆ ಬೇಕೆನಿಸಿದವರು ಕೈ ಹಿಡಿದು ಅಂದುಕೊಳ್ಳಲಿ. ನನ್ನ ತಂಗಿ ಯಮುನವ್ವ ಹದಿಮೂರು ವರ್ಷದವಳಿದ್ದಾಗ ನನ್ನ ಕೈ ಹಿಡಿದು ಅಂದಳು. ಅವತ್ತು ಅವಳಿಗೆ ದವಡೆ ಹಲ್ಲು ನೋಯುತ್ತಿತ್ತು. ಅದಕ್ಕೇ ಅಂದಳೆಂದು ನಾನು ಈಗಲೂ ಹೇಳುತ್ತೇನೆ. ಇರಲಿ, ಅವಳ ಹಲ್ಲು, ಅವಳ ಎರಡು ಬಾಣಂತನ ಎಲ್ಲದರಲ್ಲೂ ನಾನು ಅರ್ಧ ನರಳಿದ್ದೇನೆ. ಒಂಬತ್ತು ವರ್ಷದ ಹಿಂದೆ ಇದೇ ಹಾಸ್ಟೆಲಿನ ಮೆಟ್ಟಿಲ ಮೇಲೆ, ಇದೇ ಸಂಘದ ಸೇವಾ ಸಪ್ತಾಹಕ್ಕೆಂದು ಮಾಡಿದ ಹುಗ್ಗಿಯ ಹಂಡೆ ಹೊತ್ತು ಇಳಿಯುವಾಗ ನಾನು ಜಾರಿ ಬಿದ್ದೆ. ಸೊಂಟದ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತು. ಸಂಘದವರು ಒಂದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೋ ತೆಗೆದುಕೊಂಡು ಹೋದರು. ಯಮುನವ್ವ ನಾಲ್ಕು ತಿಂಗಳು ಅರ್ಧ ಹೊತ್ತಳು. ಐದನೆಯ ತಿಂಗಳು ಗಂಡನನ್ನು ಕರೆದುಕೊಂಡು ಬಂದು ನನ್ನ ಕೈ ಹಿಡಿದು ಗೋಡೆ ನೋಡುತ್ತ “ಬಿಟ್ಟೆ” ಎಂದಳು. ಬಾ ಎಂದವಳು ನಾನಲ್ಲ, ಇರು ಎನ್ನಲು ನನಗೇನು ದಾಡಿ? ನಾನೂ “ಬಿಟ್ಟೆ” ಎಂದೆ. ಚಹಾ ಕುಡಿದು ಹೋದರು. ಅವತ್ತಿನಿಂದ ಸೊಂಟ ಪೂರ್ತಿ ನನ್ನದೇ ಆಯಿತು.

ಈ ಭಗಿನಿ ಸಂಘದ ಸಂಗತಿ ಹೇಳಬೇಕು. ಮೂವತ್ತು ವರ್ಷದ ಹಿಂದೆ ಇದನ್ನು ಕಟ್ಟಿದವರು ಸುಲೋಚನಾ ಮೇಡಂ. ಅಕ್ಕ ಎಂದರೆ ಅಂಟುತ್ತದೆ, ಆದರೆ ಭಗಿನಿ ಎಂದರೆ ಅಂಟುವುದಿಲ್ಲ ಎಂದು ಮೊದಲು ಕಂಡುಹಿಡಿದ ಜಾಣೆ ಅವರು. ಹಾಗಾಗಿ ಸಂಘದಲ್ಲಿ ಹಿರಿಯ ಭಗಿನಿ, ಕಿರಿಯ ಭಗಿನಿ, ಪೂರ್ವ ಭಗಿನಿ ಎಲ್ಲ ಇದ್ದಾರೆ. ಸಂಪಿಗೆ ಗಿಡದ ಸುತ್ತ ದೀಪ ಹಿಡಿದು ತಿರುಗುತ್ತಾರೆ, ಹಳದಿ ರಿಬ್ಬನ್ನು ಕಟ್ಟಿಕೊಳ್ಳುತ್ತಾರೆ, ಕೈಗೆ ಕೈ ಕೂಡಿಸಿ ಸರಪಳಿ ಮಾಡಿ ಕಣ್ಣಲ್ಲಿ ನೀರು ತಂದು ಹಾಡುತ್ತಾರೆ. ಮೂವತ್ತು ವರ್ಷದಲ್ಲಿ ಒಬ್ಬ ಭಗಿನಿಯ ತಲೆನೋವು ಇನ್ನೊಬ್ಬಳಿಗೆ ಹೋದದ್ದಿಲ್ಲ. ಗೋಡೆಯ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಸಿದ್ದಾರೆ: ‘ನಿಮ್ಮ ನೋವು ನಮ್ಮ ನೋವು.’

ಅವರ ಸೇವೆಯೂ ಹಾಗೆಯೇ. ಸುಡುವ ಬೇಸಿಗೆಯಲ್ಲಿ ರಗ್ಗು ಹಂಚುತ್ತಾರೆ. ಓಣಿ ಗುಡಿಸಲು ಅರವತ್ತು ಹೊಸ ಕಸಬರಿಗೆ ತರುತ್ತಾರೆ. ಗುಡಿಸಿದ ಮೇಲೆ ಆ ಕಸಬರಿಗೆಗಳನ್ನು ತೊಳೆದಿಡುವುದು ನನ್ನ ಕೆಲಸ. ಅಗಸೆ ಓಣಿಯ ಕುರುಡು ಮುದುಕನಿಗೆ ನಾಲ್ಕು ವರ್ಷದಿಂದ ಒಂದೇ ಊರುಗೋಲು ದಾನ ಕೊಡುತ್ತಿದ್ದಾರೆ. ಫೋಟೋ ಆದ ಮೇಲೆ ವಾಪಸು ಇಸಿದುಕೊಂಡು ಬೀರುವಿನಲ್ಲಿಡುತ್ತಾರೆ, ಮುಂದಿನ ವರ್ಷಕ್ಕೆ ಬೇಕಲ್ಲ. ಆ ಮುದುಕನೂ ಕಡಿಮೆಯವನಲ್ಲ. “ಈ ಸಲ ಕೋಲಿಗೆ ಪಾಲಿಶ್ ಹಚ್ಚಿಲ್ಲಲ್ರಿ” ಎಂದು ಅವರನ್ನೇ ಬೈಯುತ್ತಾನೆ.

ಆ ವರ್ಷ ಅಧ್ಯಕ್ಷೆಯಾದ ಪ್ರಣತಿ ಹೊರಗಿನವಳು, ದಕ್ಷಿಣದ ಕಡೆಯಿಂದ ಓದಲು ಬಂದವಳು. ಹೊಸ ಹುರುಪು. ‘ಒಬ್ಬ ತಾಯಿಯ ದತ್ತು’ ಎಂದು ಕಾರ್ಯಕ್ರಮ ಹಾಕಿದಳು. ಬಡ ಮುದುಕಿಯೊಬ್ಬಳನ್ನು ವೇದಿಕೆಗೆ ತಂದು, ಸೀರೆ ಉಡಿಸಿ, ವರ್ಷವಿಡೀ ಅವಳ ಕಷ್ಟಸುಖ ನೋಡಿಕೊಳ್ಳುತ್ತೇವೆ ಎನ್ನುವುದು. ಒಬ್ಬ ಮುದುಕಿಯನ್ನು ಗೊತ್ತು ಮಾಡಿದ್ದರು, ಆದರೆ ಆ ದಿನ ಬೇರೆ ಸಂಘದವರು ಅವಳಿಗೆ ಕಂಬಳಿ ಕೊಡುವವರಿದ್ದರು, ಅವಳು ಇತ್ತ ಬರಲಿಲ್ಲ. ಕರೆಸಿದ್ದ ಅತಿಥಿಗಳು, ಪಾಹುಣೇರು, ಬಂದು ಕೂತಿದ್ದರು, ಫೋಟೋದವನು ಗಡಿಬಿಡಿ ಮಾಡುತ್ತಿದ್ದ. ಮುಸುರೆ ತಿಕ್ಕುತ್ತಿದ್ದ ನನ್ನನ್ನು ಎಬ್ಬಿಸಿಕೊಂಡು ಹೋದರು. ಕೈಗೆ ಬೂದಿ ಹತ್ತಿತ್ತು. “ಇರಲಿ, ನ್ಯಾಚುರಲ್ ಕಾಣತದ” ಎಂದರು ಮೇಡಂ.

ಪ್ರಣತಿ ನನ್ನ ಬೂದಿಗೈಯನ್ನು ತನ್ನ ಕೈಯಲ್ಲಿ ಹಿಡಿದಳು. ಅವಳ ಇನ್ನೊಂದು ಕೈಯಿಂದ ಹುಡುಗಿಯರ ಸರಪಳಿ ಶುರುವಾಗಿ ವೇದಿಕೆಯ ಆ ತುದಿಯವರೆಗೆ ಹೋಗಿತ್ತು. ಮೈಕಿಗೆ ಬಾಯಿ ಕೊಟ್ಟು ಹೇಳಿದಳು: “ಇವತ್ತಿಂದ ಇವರು ನಮ್ಮ ಹಾಸ್ಟೆಲ್ ಕೆಲಸದವರಲ್ಲ. ನಮ್ಮೆಲ್ಲರ ಅಕ್ಕ!”

ಸರಪಳಿಯಲ್ಲಿ ಒಬ್ಬಳು ಅಂದರೆ ಎಲ್ಲರೂ ಅಂದಂತೆ ಎಂದು ಗೊತ್ತಿದ್ದ ಊರಿನ ಹುಡುಗಿಯರು ಚೀರಿ ಕೈ ಕಿತ್ತುಕೊಳ್ಳಲು ನೋಡಿದರು. ಆಗಲಿಲ್ಲ. ಫೋಟೋ ಚೆನ್ನಾಗಿ ಬರಲಿ ಎಂದು ಬೆರಳಲ್ಲಿ ಬೆರಳು ಹೆಣೆದುಕೊಂಡಿದ್ದರು. ಪಾಹುಣೇರು ಚಪ್ಪಾಳೆ ತಟ್ಟುವಷ್ಟರಲ್ಲಿ ಹದಿನೆಂಟು ಕೈ ಹದಿನೆಂಟು ಎಡಸೊಂಟಕ್ಕೆ ಹೋದವು. “ಅಯ್ಯಯ್ಯ, ಇದೇನಿದು?” ಎಂದಳು ಪ್ರಣತಿ, ಮೈಕಿನಲ್ಲೇ.

ನನಗೆ ಏನಾಯಿತೆಂದು ಹೇಳಲಾ? ಯಾರೋ ಬೆನ್ನ ಮೇಲಿಂದ ಹಂಡೆ ಇಳಿಸಿಕೊಂಡಂತಾಯಿತು. ಹತ್ತೊಂಬತ್ತು ಪಾಲು, ಎಲ್ಲರಿಗೂ ಸಮ. ನನಗೆ ಆ ಒಂದು ಪಾಲು ಸೊಳ್ಳೆ ಕಚ್ಚಿದ ಹಾಗೆ, ಅವರಿಗೆ ಚೇಳು. ಮರುದಿನ ಬೆಳಿಗ್ಗೆ ಹಾಸ್ಟೆಲಿನ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕಿದೆ. ಒಂಬತ್ತು ವರ್ಷ ನಿಂತೇ ರಂಗೋಲಿ ಚೆಲ್ಲಿದವಳು. ಗೋಡೆ ಹಿಡಿಯದೆ ಎದ್ದೆ. ಮತ್ತೆ ಕೂತೆ, ಮತ್ತೆ ಎದ್ದೆ. ನೋಡಿದವರು ಮೈಮೇಲೆ ದೇವರು ಬಂದಿದೆ ಎಂದುಕೊಂಡಿರಬೇಕು. ಮೇಲಿನ ಮಹಡಿಯ ಕಿಟಕಿಯಿಂದ “ಸಾಕು ಮಾಡ್ರಿ ತಂಗೆವ್ವಾ, ನಾವು ಸಾಯ್ತೀವಿ!” ಎಂದು ಕೂಗು ಬಂತು.

ಅವತ್ತಿನಿಂದ ಹಾಸ್ಟೆಲಿನಲ್ಲಿ ನಿಜವಾದ ಸೇವೆ ಶುರುವಾಯಿತು. ನಾನು ಕೊಡ ಎತ್ತಿದರೆ ಹದಿನೆಂಟು ಮಂದಿ ನರಳಬೇಕು, ಆದ್ದರಿಂದ ಇಬ್ಬರು ಬಂದು ಕೊಡ ಹೊತ್ತರು. ಹಂಡೆ ತಿಕ್ಕಲು ಬಗ್ಗಿದರೆ ಪರೀಕ್ಷೆಗೆ ಓದುವವರಿಗೆ ತೊಂದರೆ, ಆದ್ದರಿಂದ ಪಾಳಿ ಹಾಕಿ ಹಂಡೆ ತಿಕ್ಕಿದರು. ಉಗುರಿನ ಬಣ್ಣ ಹೋಯಿತು. ಒಬ್ಬಳು ನನಗೆ ಮಣೆ ತಂದಳು, ಇನ್ನೊಬ್ಬಳು ಎಣ್ಣೆ ತಂದು ತಾನೇ ತಿಕ್ಕಿದಳು. ನನ್ನ ಮೇಲಿನ ಪ್ರೀತಿಗಲ್ಲ, ತಮ್ಮ ಸೊಂಟದ ಮೇಲಿನ ಪ್ರೀತಿಗೆ. ನನಗೇನು, ಎಣ್ಣೆ ಎಣ್ಣೆಯೇ. ನಾನೂ ದೇವತೆಯಲ್ಲ. ಒಂದು ದಿನ ಹುಡುಗಿಯೊಬ್ಬಳು ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟು ದೂಡಿದಾಗ ಒರಳಿನ ಅಂಚಿಗೆ ಸೊಂಟವನ್ನು ಸ್ವಲ್ಪ ಗಟ್ಟಿಯಾಗಿಯೇ ಒರಗಿಸಿದೆ. ತಾಟು ತಾನಾಗಿ ಮುಂದೆ ಬಂತು.

ಅವರ ನೋವೂ ನನಗೆ ಬಂದವು. ಎಂಥ ನೋವು ಅಂತೀರಿ! ಎಡಗಾಲ ಕಿರುಬೆರಳಿಗೆ ಹೊಸ ಬೂಟು ಕಚ್ಚುವುದು. ಎರಡು ವಾರಕ್ಕೊಮ್ಮೆ ಹುಬ್ಬು ಚುರುಚುರು, ಯಾರೋ ಬ್ಯೂಟಿಪಾರ್ಲರಿನಲ್ಲಿ ದಾರ ಹಾಕಿಸಿಕೊಳ್ಳುತ್ತಿದ್ದಳು. ಮುಟ್ಟು ನಿಂತು ಮೂರು ವರ್ಷವಾದ ನನಗೆ ಹದಿನೆಂಟು ಹುಡುಗಿಯರ ಹೊಟ್ಟೆನೋವು ಪಾಳಿಯ ಪ್ರಕಾರ ಬರತೊಡಗಿತು. ಇವೆಲ್ಲ ಲೆಕ್ಕಕ್ಕಿಲ್ಲ. ಒಂದು ಮಾತ್ರ ತಿಳಿಯಲಿಲ್ಲ. ದಿನಾ ಸಂಜೆ ಐದರ ಸುಮಾರಿಗೆ ಹೊಟ್ಟೆಯಲ್ಲಿ ಒಂದು ಸಣ್ಣ ಉರಿ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಕಳೆದವಳು ನಾನು, ಹಸಿವಿನ ಗುರುತು ನನಗೆ ಚೆನ್ನಾಗಿ ಗೊತ್ತು. ಆದರೆ ನಾನು ಉಂಡಿದ್ದೆ.

ವಿಚಾರಿಸಿದಾಗ ತಿಳಿಯಿತು. ಸಂಘಕ್ಕೆ ಹೊಸದಾಗಿ ಸೇರುವವರು ರಿಬ್ಬನ್ನು ಕಟ್ಟುವ ದಿನದವರೆಗೆ ಒಪ್ಪೊತ್ತು ಇರಬೇಕಂತೆ. ಸಂಜೆಯ ತಿಂಡಿ, ರಾತ್ರಿಯ ಊಟದ ತಾಟು ಎರಡನ್ನೂ ತಮ್ಮ ಹಿರಿಯ ಭಗಿನಿಗೆ ಒಪ್ಪಿಸಬೇಕಂತೆ. ಹಸಿದವರ ಕಷ್ಟ ತಿಳಿಯಲಿ ಎಂದು ಮೂವತ್ತು ವರ್ಷದ ಸಂಪ್ರದಾಯ. ಆ ಸಲ ಹೊಸಬರು ಐವರು. ನಾಲ್ವರು ದಿಂಬಿನ ಕೆಳಗೆ ಬಿಸ್ಕಿಟು ಇಟ್ಟುಕೊಂಡಿದ್ದರು. ಐದನೆಯವಳು ಮಂದಾಕಿನಿ, ಹಳ್ಳಿಯ ಹುಡುಗಿ, ನನ್ನ ಹಾಗೆ ಸಾಲೆಯಲ್ಲಿ ಹೇಳಿದ್ದನ್ನೆಲ್ಲ ನಿಜ ಎಂದು ನಂಬುವ ಜಾತಿ. ಖರೇನೇ ಹಸಿದಿರುತ್ತಿದ್ದಳು. ಅವಳ ಉರಿ ನನ್ನ ಮೂಲಕ ಹಿರಿಯ ಭಗಿನಿಯರ ಹೊಟ್ಟೆಗೂ ಹೋಗುತ್ತಿತ್ತು. ಅವರು ಅದನ್ನು ಆಸಿಡಿಟಿ ಎಂದುಕೊಂಡು ಅವಳದೇ ತಾಟಿನಿಂದ ಇನ್ನೆರಡು ತುತ್ತು ಉಣ್ಣುತ್ತಿದ್ದರು. ಅದರಿಂದ ಅವಳಿಗೇನೂ ಆಗುತ್ತಿರಲಿಲ್ಲ. ನೋವು ಹಂಚಿಕೆಯಾಗುತ್ತದೆ, ರೊಟ್ಟಿ ಆಗುವುದಿಲ್ಲ.

ಮರುದಿನ ಅವಳು ಹಂಡೆ ತಿಕ್ಕುವ ಪಾಳಿಗೆ ಬಂದಾಗ ಎರಡು ಬಿಸಿ ರೊಟ್ಟಿಯಲ್ಲಿ ಪುಂಡಿಪಲ್ಲೆ ಸುತ್ತಿ ಮುಂದೆ ಹಿಡಿದೆ.

“ವ್ರತ ಐತ್ರಿ ಅವ್ವಾರ” ಎಂದಳು.

“ವ್ರತ ನಿಂದು, ಹೊಟ್ಟಿ ನಂದು. ತಿನ್ನು.”

“ನೋಡಿದ್ರ ರಿಬ್ಬನ್ ಕಟ್ಟಂಗಿಲ್ರಿ.”

“ಕಟ್ಟದಿದ್ರ ಜಡಿ ಬಿಚ್ಚಿ ಹೋಗತೈತೇನು? ತಿಂತೀಯೋ, ಬಾಯಾಗ ತುರುಕಲೋ?”

ತಿಂದಳು. ನಿಂತಲ್ಲೇ, ನಾಲ್ಕು ತುತ್ತಿಗೆ. ನನ್ನ ಹೊಟ್ಟೆಯ ಉರಿ ಆರಿತು. ಅಂದಿನಿಂದ ದಿನಾ ಸಂಜೆ ಸೆರಗಿನ ಗಂಟಿನಲ್ಲಿ ಅವಳಿಗೆ ರೊಟ್ಟಿ ಇಡುತ್ತಿದ್ದೆ. ಅವಳು ಗೋಡೆಯ ಮರೆಯಲ್ಲಿ ತಿನ್ನುತ್ತ ಊರ ಎಮ್ಮೆಯ ಸುದ್ದಿ, ಅವ್ವನ ಸುದ್ದಿ ಹೇಳುವಳು. ಡಾನ್ಸ್ ಕಲಿಯಬೇಕೆಂದೇ ಸಂಘ ಸೇರಿದ್ದಾಗಿ ಹೇಳಿದಳು. ನನ್ನ ಮನಸ್ಸು ಸುಮ್ಮನೆ ಇರಲಿಲ್ಲ. ಹದಿನೇಳು ಮಂದಿ ತಪ್ಪಿ ಅಂದವರು. ಇವಳೊಬ್ಬಳು, ಮುಂದೆ ಯಾವತ್ತಾದರೂ, ಖರೇನೇ ಕೈ ಹಿಡಿದು ಅಂದಾಳು ಎಂದು ಆಸೆ ಹತ್ತಿತು. ಐವತ್ತಕ್ಕೆ ಬಂದವಳಿಗೆ ಇರಬಾರದ ಆಸೆ.

ಹೀಗೆ ಮೂರು ವಾರ. ಅಷ್ಟರಲ್ಲಿ ನಮ್ಮ ಫೋಟೋ ಸಂಘದ ಮುಖ್ಯ ಕಚೇರಿಗೆ ಹೋಗಿ, ಕೆಲಸದವಳನ್ನೇ ದತ್ತು ಪಡೆದರೆಂದು ಅಲ್ಲಿಯವರು ಮೆಚ್ಚಿ, ಈ ಶಾಖೆಗೆ ಬಹುಮಾನದ ದೊಡ್ಡ ಢಾಲು ಕೊಡುತ್ತೇವೆಂದು ಬರೆದರು. ಮರುದಿನವೇ ಸಮಾರಂಭ. ಹುಡುಗಿಯರ ಡಾನ್ಸ್ ಇತ್ತು. ಎಡಗಡೆಗೆ ವಾಲಿಕೊಂಡು ಡಾನ್ಸ್ ಹೇಗೆ ಮಾಡುವುದು? ಅದಕ್ಕೇ ಅವತ್ತು ಮಧ್ಯಾಹ್ನ ನನ್ನನ್ನು ಕರೆಸಿ, ಬಾಗಿಲು ಕಿಟಕಿ ಹಾಕಿ, ‘ಬಿಟ್ಟೆ’ ಅನ್ನು ಎಂದು ಕುತ್ತಿಗೆಯ ಮೇಲೆ ಕೂತದ್ದು.

“ನೋಡಿ ತಂಗೆವ್ವ ಅವರೇ,” ಎಂದಳು ಪ್ರಣತಿ, ಅಳುವ ದನಿಯಲ್ಲಿ. “ನನಗೆ ನಿಮ್ಮೂರಿನ ಈ ಪದ್ಧತಿ ಗೊತ್ತಿರಲಿಲ್ಲ. ನಮ್ಮ ಕಡೆ ಹೂ ಮಾರೋರಿಗೂ ಅಕ್ಕ ಅಂತೀವಿ, ಕಸದ ಗಾಡಿಯೋರಿಗೂ ಅಕ್ಕ ಅಂತೀವಿ. ಅದಕ್ಕೆ ಅರ್ಥ ಗಿರ್ಥ ಏನೂ ಇರಲ್ಲ. ಸುಮ್ನೆ ಅಂತೀವಿ.”

“ಸುಮ್ನ?”

“ಹೂಂ, ಸುಮ್ನೆ.”

“ನಮ್ಮೂರಾಗ ಸುಮ್ನ ಅನ್ನಾಕ ಭಗಿನಿ ಐತಲ್ಲವಾ, ಅದನ್ನ ಅನ್ನಬೇಕಿತ್ತು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ನಕ್ಕದ್ದಕ್ಕೆ ಸೊಂಟ ಹಿಡಿದುಕೊಂಡರು. ಮೇಡಂ ದನಿ ಬದಲಿಸಿದರು. “ನಿನಗೇನು ಕಡಿಮಿ ಮಾಡೂದಿಲ್ಲ ತಂಗೆವ್ವ. ಶಾಲು ಹೊದಿಸ್ತೀವಿ. ಹಣ್ಣು ಕೊಡ್ತೀವಿ. ಈ ಸಲ ಚೌಕಟ್ಟು ಹಾಕಿಸಿ ‘ಮಾತೃರತ್ನ’ ಅಂತ ಪ್ರಶಸ್ತಿ ಪತ್ರನೂ ಕೊಡ್ತೀವಿ.”

“ಮಕ್ಕಳಿಲ್ಲದಾಕಿ ನಾನು. ಯಾರ ಮಾತೃರೀ?”

“ಅದೆಲ್ಲ ಬರಕೊಳ್ಳೂದು ನಮಗ ಬಿಡು. ಈಗ ಎಲ್ಲಾರ ಕೈ ಹಿಡದು ಬಿಟ್ಟೆ ಅನ್ನು. ನಾಳೆ ಹತ್ತು ಗಂಟೆಗೆ ಹೊಸ ಸೀರಿ ಉಟ್ಟು ಬಂದು ವೇದಿಕಿ ಮ್ಯಾಲ ಕೂಡು. ಅವರು ಕೇಳಿದ್ರ, ಇವರೆಲ್ಲ ನನ್ನ ತಂಗ್ಯಾರು, ನನ್ನ ನೋವು ಹಂಚಿಕೊಂಡಾರ ಅಂತ ಹೇಳು. ಮುಗೀತು.”

“ಇವತ್ತು ಬಿಡೂದು, ನಾಳೆ ಹಿಡದಾರ ಅಂತ ಹೇಳೂದು?”

“ಹೌದು.”

“ನೋವು ಬಿಟ್ಟು ಫೋಟೋ ಇಟಗೊಳ್ಳಾವರು ನೀವು.”

“ಹಂಗ್ಯಾಕ ತಿಳಕೋತಿ...”

“ಬಿಡೂದಾದ್ರ ಬಿಡ್ತೀನ್ರಿ. ನಾಳೆ, ಅದೇ ಮೈಕಿನ ಮುಂದ, ಪಾಹುಣೇರ ಎದುರಿಗೆ. ಇವಳು ನಮಗ ಭಾರ ಆದಳು, ಬಿಟ್ಟೆ ಅಂತ ಒಬ್ಬೊಬ್ಬಾಕಿ ಅನ್ರಿ, ನಾನೂ ಅಂತೀನಿ. ಕಟ್ಟಿದ್ದು ಮೈಕಿನಾಗ, ಬಿಚ್ಚೂದು ಕಿಟಕಿ ಹಾಕ್ಕೊಂಡ?”

ಮೇಡಂ ಮುಖ ಬಿಳಿಚಿಕೊಂಡಿತು. ಮೈಕು ಎಂದರೆ ಢಾಲು ಹೋಯಿತು. “ಯಾರಾದ್ರೂ ಒಬ್ಬರು ಶುರು ಮಾಡ್ರಿ, ಆಮ್ಯಾಲೆ ಆಕಿ ತಾನ ಬಗ್ಗತಾಳ” ಎಂದು ಹುಡುಗಿಯರ ಕಡೆ ತಿರುಗಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು ಜಾಗ ಮಾಡಿಕೊಂಡು ಮುಂದೆ ಬಂದಳು. ಮಂದಾಕಿನಿ.

ಬೇಡ ಅನ್ನಲು ಬಂದಳು ಎಂದುಕೊಂಡೆ. ಮೂರು ವಾರದ ರೊಟ್ಟಿ ನನ್ನ ಬುದ್ಧಿಯನ್ನು ಅಷ್ಟು ಮೆತ್ತಗೆ ಮಾಡಿತ್ತು. ಅವಳು ನನ್ನ ಕೈ ಹಿಡಿದಳು. ಮೊದಲ ಸಲ ಹಿಡಿದದ್ದು. ಅಂದು ಸರಪಳಿಯ ಆ ತುದಿಯಲ್ಲಿದ್ದವಳು. ಗೋಡೆಯ ಕಡೆ ನೋಡುತ್ತ, ಯಮುನವ್ವ ನೋಡಿದ ಹಾಗೆಯೇ ನೋಡುತ್ತ, “ಬಿಟ್ಟೆ” ಎಂದಳು. ಆಮೇಲೆ ನನಗಷ್ಟೇ ಕೇಳುವ ಹಾಗೆ, “ಡಾನ್ಸ್ ಐತ್ರಿ ಅವ್ವಾರ. ಮುಂದಿನ ಸಾಲಿನಾಗ ನಿಲ್ಲಸ್ತೀನಿ ಅಂದಾರ” ಎಂದಳು.

ಎಲ್ಲರೂ ನನ್ನ ಬಾಯಿ ನೋಡಿದರು. ನಾನು ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಯಮುನವ್ವನಿಗೆ ಆಡಿದ್ದೆ. ಅವಳು ನಾಲ್ಕು ತಿಂಗಳು ಅರ್ಧ ಹೊತ್ತವಳು, ಅವಳಿಗೆ ಆ ಮಾತು ಸಲ್ಲುತ್ತಿತ್ತು. ನಾನು ಮಂದಾಕಿನಿಯ ಕೈಯಿಂದ ಕೈ ಬಿಡಿಸಿಕೊಂಡೆ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಉಗ್ರಾಣದ ಕೀಲಿಗೊಂಚಲು ಸೊಂಟದಲ್ಲಿತ್ತು. ಅದನ್ನು ಮೊಣಕೈಯಿಂದ ತಳ್ಳಿ ನೆಲಕ್ಕೆ ಕೆಡವಿದೆ.

“ನಾಳೆ ಬೆಳಿಗ್ಗಿ ಉಪ್ಪಿಟ್ಟಿಗೆ ರವಾ ಮ್ಯಾಲಿನ ಡಬ್ಬಿಯಾಗ ಐತಿ” ಎಂದೆ. “ತೆಗಿಯೂ ಮುಂದ ಬಗ್ಗಿ ತೆಗೀಬ್ಯಾಡ್ರಿ. ಸೊಂಟ ಹಿಡೀತೈತಿ.”

“ತಂಗೆವ್ವ! ಹೊರಗ ಕಾಲಿಟ್ಟಿ ಅಂದ್ರ ನೌಕರಿ ಹೋತು ತಿಳಕೋ!” ಎಂದರು ಮೇಡಂ.

“ನೌಕರಿ ಹೋಗಲಿ ಮೇಡಮ್ಮಾರ. ಅಕ್ಕ ಹೋಗೂದಿಲ್ಲ.”

ಚಿಲಕ ತೆಗೆಯಲು ಒಂದು ಕೈ ಹೊರತೆಗೆಯಬೇಕಾಯಿತು. ಪ್ರಣತಿ ಅದನ್ನು ಹಿಡಿಯಲು ಹಾರಿದಳು, ಸೊಂಟ ಅವಳನ್ನು ನಡುದಾರಿಯಲ್ಲೇ ಕೂರಿಸಿತು. ನಾನು ಹೊರಗೆ ಬಂದೆ. ಎದುರಿಗೆ ಅದೇ ಮೆಟ್ಟಿಲು, ಹುಗ್ಗಿಯ ಹಂಡೆಯ ಸಮೇತ ನನ್ನನ್ನು ಉರುಳಿಸಿದ ಏಳು ಮೆಟ್ಟಿಲು. ಒಂಬತ್ತು ವರ್ಷ ಕಟಕಟೆ ಹಿಡಿದು, ಒಂದೊಂದಕ್ಕೆ ಎರಡೂ ಕಾಲಿಟ್ಟು ಇಳಿದಿದ್ದೇನೆ. ಅವತ್ತು ಹಿಡಿಯಲಿಲ್ಲ. ಕೊನೆಯ ಎರಡು ಮೆಟ್ಟಿಲು ಉಳಿದಾಗ ಸೀರೆ ಎತ್ತಿಕಟ್ಟಿ ದುಡುಮ್ಮನೆ ಹಾರಿದೆ. ಹಿಂದಿನಿಂದ ಹದಿನೆಂಟು ಬಾಯಿ ಒಟ್ಟಿಗೆ “ಯವ್ವಾ!” ಎಂದವು. ಸಂಪಿಗೆ ಗಿಡದ ಸುತ್ತ ಅಷ್ಟು ವರ್ಷ ಹಾಡಿದರೂ ಅವರ ದನಿ ಅಷ್ಟು ಚೆನ್ನಾಗಿ ಕೂಡಿದ್ದು ನಾನು ಕೇಳಿರಲಿಲ್ಲ.

ಗೇಟಿನ ಹತ್ತಿರ ಬಂದಾಗ ಹೊಟ್ಟೆಯಲ್ಲಿ ಆ ಸಣ್ಣ ಉರಿ ಶುರುವಾಯಿತು. ಐದು ಗಂಟೆಯಾಗಿತ್ತು. ಮಂದಾಕಿನಿಯ ರೊಟ್ಟಿ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ತಿರುಗಿ ಹೋಗಿ ಕೊಟ್ಟು ಬರಲು ಹೆಚ್ಚೆಂದರೆ ಅರವತ್ತು ಹೆಜ್ಜೆ. ಗೇಟಿಗೆ ಒರಗಿ ನಾನೇ ತಿಂದೆ, ಎರಡೂ ರೊಟ್ಟಿ. ಉರಿ ಆರಲಿಲ್ಲ. ನನ್ನದಾಗಿದ್ದರೆ ಆರುತ್ತಿತ್ತು. ಸೆರಗು ಕೊಡವಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ. ಆ ಗೇಟಿನ ಒಳಗೆ ಮತ್ತೆ ಕಾಲಿಟ್ಟಿಲ್ಲ.